ಭಾವನ ಸುಳ್ಳು ಮೀನುಗಳು

ಹತ್ತನೆಯ ತರಗತಿಯ ಮಕ್ಕಳಿಗೆ ಕಬ್ಬಿಣ ತುಕ್ಕು ಹಿಡಿಯುವ ಪ್ರಯೋಗವನ್ನು ನಾನು ಎಷ್ಟು ಸಲ ಮಾಡಿ ತೋರಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಮೂರು ಪ್ರನಾಳಗಳು, ಮೂರರಲ್ಲೂ ಹೊಸ ಮೊಳೆಗಳು. ಮೊದಲನೆಯದರಲ್ಲಿ ನೀರೂ ಇದೆ, ಗಾಳಿಯೂ ಇದೆ. ಎರಡನೆಯದರಲ್ಲಿ ಕುದಿಸಿ ಗಾಳಿ ಹೊರಗಟ್ಟಿದ ನೀರು, ಮೇಲೊಂದು ಪದರ ಎಣ್ಣೆ. ಮೂರನೆಯದರಲ್ಲಿ ಗಾಳಿ ಇದೆ, ಆದರೆ ತೇವ ಹೀರಿಕೊಳ್ಳಲು ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದೆ. ಕೆಲವು ದಿನ ಬಿಟ್ಟು ನೋಡಿದರೆ ಮೊದಲನೆಯ ಪ್ರನಾಳದ ಮೊಳೆಗೆ ಮಾತ್ರ ತುಕ್ಕು. "ನೀರು ಮತ್ತು ಗಾಳಿ ಎರಡೂ ಇದ್ದಲ್ಲಿ ಮಾತ್ರ..." ಎಂದು ನಾನು ಅರ್ಧ ಹೇಳುತ್ತೇನೆ, ಉಳಿದರ್ಧವನ್ನು ಮಕ್ಕಳು ಒಟ್ಟಾಗಿ ಕೂಗುತ್ತಾರೆ. ಇಂಥ ನಾನು ಅದೇ ಮೊದಲನೆಯ ಪ್ರನಾಳವನ್ನು ಎಂಟು ವರ್ಷ ಕಾಲ ನಮ್ಮ ಮನೆಯ ಅಟ್ಟದ ಮೇಲೆ ಬಲು ಜೋಪಾನವಾಗಿ ಇಟ್ಟುಕೊಂಡಿದ್ದೆ. ಅದು ಪ್ರನಾಳದ ಆಕಾರದಲ್ಲಿ ಇರಲಿಲ್ಲ, ಅಷ್ಟೆ. ಚೌಕಾಕಾರದ ಪಾರದರ್ಶಕ ಪೆಟ್ಟಿಗೆಯಾಗಿತ್ತು. ಒಳಗಿದ್ದದ್ದು ನನ್ನ ಭಾವನ ಮೂವತ್ತೆಂಟು ಸುಳ್ಳು ಮೀನುಗಳು.

'ಸುಳ್ಳು ಮೀನು' ಭಾವನದೇ ಮಾತು. ಗಾಳಕ್ಕೆ ಎರೆಹುಳ, ಸಿಗಡಿ, ಸಣ್ಣ ಮೀನು ಚುಚ್ಚಿ ಕಾಯುವುದನ್ನು ನಮ್ಮ ಕರಾವಳಿಯಲ್ಲಿ ನೋಡದವರಿಲ್ಲ. ಹುಳದ ಬದಲು ಮರ, ತಗಡು, ಪ್ಲಾಸ್ಟಿಕ್, ಗರಿಗಳಿಂದ ಮಾಡಿದ ಗೊಂಬೆಯಂಥದ್ದನ್ನು ಕಟ್ಟಿ, ಅದು ಜೀವಂತ ಮರಿಮೀನಿನ ಹಾಗೆ ಓಲಾಡುವಂತೆ ನೀರಿನಲ್ಲಿ ಎಳೆದರೆ ದೊಡ್ಡ ಮೀನು ಮೋಸಹೋಗಿ ಬಾಯಿ ಹಾಕುತ್ತದೆ. ಈಗಿನ ಹುಡುಗರು ಅದನ್ನು ಲೂರ್ ಎನ್ನುತ್ತಾರೆ. ಭಾವ ಬಹರೈನಿನಲ್ಲಿ ಇಪ್ಪತ್ತು ವರ್ಷ ಸ್ಟೋರ್‌ಕೀಪರ್ ಕೆಲಸ ಮಾಡಿದವರು. ಅಲ್ಲಿ ಶುಕ್ರವಾರ ರಜೆ. ಉಳಿದವರು ನಿದ್ದೆ ಮಾಡಿದರೆ ಇವರು ಸಮುದ್ರದ ದಂಡೆಗೆ ಹೋಗಿ ಹಮೂರ್ ಹಿಡಿಯುತ್ತಿದ್ದರು. ಹಮೂರ್ ಎಂದರೆ ನಮ್ಮ ಮುರು ಮೀನಿನ ಜಾತಿಗೆ ಸೇರಿದ್ದು. ಮೀನಿಗಿಂತ ಅವರಿಗೆ ಆ ಗೊಂಬೆಗಳ ಮೇಲೆಯೇ ಮೋಹ ಹೆಚ್ಚು ಎಂದು ಅಕ್ಕ ಆಗಾಗ ದೂರುತ್ತಿದ್ದಳು. ಬೆರಳುದ್ದದ ಒಂದೊಂದಕ್ಕೂ ಅವರು ಕೊಟ್ಟ ಬೆಲೆ ಕೇಳಿದಾಗ ನನಗೂ ಅಕ್ಕನ ಮಾತು ಸರಿಯೆನಿಸಿದ್ದುಂಟು.

2008ರಲ್ಲಿ ಭಾವ ಊರಿಗೆ ಮರಳಿದರು. ಐದು ನದಿಗಳು ಸೇರಿ ಸಮುದ್ರಕ್ಕೆ ಬೀಳುವ ಗಂಗೊಳ್ಳಿ ಅಳಿವೆ ಅವರಿಗೆ ಬಹರೈನಿಗಿಂತ ಹೆಚ್ಚು ಹಿಡಿಸಿತು. ಆದರೆ ವರ್ಷ ತುಂಬುವುದರೊಳಗೆ ಕಾಯಿಲೆ ಬಿದ್ದರು. 2009ರ ಜೂನ್ ಮೊದಲ ವಾರ ಚಿಕಿತ್ಸೆಗೆಂದು ಮುಂಬಯಿಯ ತಮ್ಮ ಅಣ್ಣನ ಮನೆಗೆ ಹೊರಟರು. ಬಾಡಿಗೆ ಮನೆ ಖಾಲಿ ಮಾಡಿದ್ದಾಯಿತು. ಬಸ್ಸು ಹತ್ತುವ ಮೊದಲು ಈ ಪೆಟ್ಟಿಗೆಯನ್ನು ನನ್ನ ಕೈಗಿಟ್ಟು, "ಮಾಷ್ಟ್ರೇ, ಇದನ್ನ ಜೋಪಾನ ಮಾಡು. ನಾನು ಬಂದರೆ ನನಗೆ, ಇಲ್ಲದಿದ್ದರೆ ಹುಡುಗನಿಗೆ. ನಿನ್ನೆ ಅಳಿವೆಗೆ ಹೋಗಿದ್ದೆ, ತೊಳೆಯಲಿಕ್ಕೆ ಪುರುಸೊತ್ತಾಗಲಿಲ್ಲ" ಎಂದರು. ಜೋಪಾನ ಎಂಬ ಮಾತು ನನ್ನ ಕಿವಿಗೆ ಬಿತ್ತು. ಕೊನೆಯ ವಾಕ್ಯ ಬೀಳಲಿಲ್ಲ. ಬಿದ್ದಿದ್ದರೂ ನಾನದನ್ನು ಒಂದು ಸಮಜಾಯಿಷಿ ಎಂದುಕೊಂಡಿರಬೇಕು. ಅದು ಸೂಚನೆ ಎಂದು ಹೊಳೆದದ್ದು ಎಂಟು ವರ್ಷದ ನಂತರ.

ನಾನು ಮಾಡಿದ ಜೋಪಾನದ ವಿವರ ಕೇಳಿ. ಮನೆಗೆ ತಂದು ಮುಚ್ಚಳ ತೆಗೆದೆ. ಗರಿ ಕಟ್ಟಿದ ಆರು ಗಾಳಗಳಿದ್ದವು. ಗರಿಗೆ ಹುಳು ಬೀಳುತ್ತದೆಂದು ನಾಲ್ಕು ನುಸಿಗುಳಿಗೆ ಹಾಕಿದೆ. ಬೇರೊಂದು ಪೊಟ್ಟಣದಲ್ಲಿದ್ದ ಒಂಬತ್ತು ಮೆತ್ತನೆಯ ರಬ್ಬರ್ ಹುಳುಗಳನ್ನೂ, ಎಲ್ಲ ಒಂದೇ ಕಡೆ ಇರಲಿ ಎಂದು ಬಿಚ್ಚಿ, ಖಾಲಿ ಇದ್ದ ಮನೆಗಳಿಗೆ ತುಂಬಿದೆ. ಧೂಳು, ಇರುವೆ, ಗಾಳಿ ಯಾವುದೂ ಹೋಗಬಾರದೆಂದು ಮುಚ್ಚಳದ ಸುತ್ತ ಅಂಟುಟೇಪನ್ನು ಎರಡು ಸುತ್ತು ಬಿಗಿದೆ. ಮಕ್ಕಳ ಕೈಗೆ ಸಿಗದಿರಲಿ ಎಂದು ಹಂಚಿನ ಮಾಡಿನ ಕೆಳಗಿನ ಅಟ್ಟಕ್ಕೇರಿಸಿದೆ. ಹೊರಗೆ ಮಳೆ ಹಿಡಿದಿತ್ತು. ಒಂದು ಹೊರೆ ಇಳಿಯಿತೆಂಬ ಸಮಾಧಾನದಿಂದ ಊಟಕ್ಕೆ ಕುಳಿತೆ.

ಭಾವ ಮರಳಿ ಬರಲಿಲ್ಲ. 2011ರಲ್ಲಿ ತೀರಿಕೊಂಡರು.

2017ರ ಮೇ ತಿಂಗಳಲ್ಲಿ ಅಕ್ಕನೂ ಅಳಿಯನೂ ಊರಿಗೆ ಬಂದರು. ಅಳಿಯ ಆಗಷ್ಟೇ ಇಂಜಿನಿಯರಿಂಗ್ ಮುಗಿಸಿದ್ದ. ಬಂದ ದಿನ ಏನೂ ಹೇಳಲಿಲ್ಲ. ಮರುದಿನ ಚಹಾ ಕುಡಿಯುತ್ತಾ, "ಮಾವ, ಅಪ್ಪನ ಪೆಟ್ಟಿಗೆ ಇದೆಯಲ್ಲ?" ಎಂದು ಕೇಳಿದ. ಆ 'ಅಲ್ಲ' ಎಂಬುದರಲ್ಲಿ ಅನುಮಾನ ಇರಲಿಲ್ಲ, ನಂಬಿಕೆ ಇತ್ತು. ನಾನು ಹೆಮ್ಮೆಯಿಂದಲೇ ಏಣಿ ಹತ್ತಿದೆ.

ಜಗಲಿಯ ಮೇಲೆ ಎಲ್ಲರೆದುರಿಗೆ ಟೇಪು ಸೀಳಿದೆ. ಮುಚ್ಚಳ ಏಳಲಿಲ್ಲ. ಗಾಜಿನಂತೆ ತಿಳಿಯಾಗಿದ್ದ ಪೆಟ್ಟಿಗೆ ಮಂಜು ಹಿಡಿದ ಕಿಟಕಿಯಂತಾಗಿತ್ತು, ಕೈಗೆ ಜಿಗುಟು ಜಿಗುಟಾಗಿ ಹತ್ತುತ್ತಿತ್ತು. ಚಾಕುವಿನಿಂದ ಮೀಟಿ ತೆಗೆದಾಗ ಮೊದಲು ನುಸಿಗುಳಿಗೆಯ ಘಾಟು, ಅದರ ಹಿಂದೆಯೇ ಕಮಟು ಎಣ್ಣೆಯಂಥ ವಾಸನೆ. ರಬ್ಬರ್ ಹುಳುಗಳು ಹುಳುಗಳಾಗಿ ಉಳಿದಿರಲಿಲ್ಲ. ಕರಗಿ, ಬಣ್ಣಗಳೆಲ್ಲ ಬೆರೆತು, ಪೆಟ್ಟಿಗೆಯ ತಳವನ್ನೇ ತಿಂದು ಅದರೊಳಗೆ ಇಳಿದಿದ್ದವು. ಪಕ್ಕದಲ್ಲಿದ್ದ ನಾಲ್ಕು ಪ್ಲಾಸ್ಟಿಕ್ ಮೀನುಗಳ ಹೊಟ್ಟೆಗಳು ಅದೇ ಪಾಕದಲ್ಲಿ ಹೂತುಹೋಗಿದ್ದವು. ಗಾಳಗಳೆಲ್ಲ ಕಂದು ಪುಡಿ. ಹಿತ್ತಾಳೆಯ ಚಮಚಗಳಿಗೆ ಹಸಿರು ಕಿಲುಬು. ಒಂದನ್ನು ಎತ್ತಹೋದರೆ ಮೂರು ಕೊಕ್ಕೆಗಳು ಒಂದಕ್ಕೊಂದು ಹೆಣೆದುಕೊಂಡು ಹನ್ನೆರಡು ಒಟ್ಟಿಗೆ ಮೇಲೆದ್ದವು.

ಅಳಿಯ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಯಾರಾದರೂ ತೆಗೆದಿದ್ದರಾ ಮಾವ?" ಎಂದ.

ಸತ್ಯ ಹೇಳಬೇಕೆಂದರೆ, ಆ ಕ್ಷಣ ನನ್ನ ಬಾಯಲ್ಲಿ ಸುಳ್ಳೊಂದು ಸಿದ್ಧವಾಗಿತ್ತು. ಮನೆಯಲ್ಲಿ ಮಕ್ಕಳಿದ್ದಾರೆ, ಅಟ್ಟದಲ್ಲಿ ಇಲಿಗಳಿವೆ, ಮಾಡು ಸೋರಿದ್ದೂ ಉಂಟು. ಯಾವುದನ್ನು ಹೇಳಿದ್ದರೂ ನಡೆಯುತ್ತಿತ್ತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. "ಇಲ್ಲ, ನಾನು ಮುಚ್ಚಿದ್ದು ಹಾಗೆಯೇ ಇತ್ತು" ಎಂದೆ. ಹುಡುಗ ತಲೆಯಾಡಿಸಿ, ಗಂಟಿನಿಂದ ಒಂದು ಮರದ ಮೀನನ್ನು ಬಿಡಿಸಲು ನೋಡಿದ. ಬೆರಳಷ್ಟುದ್ದ, ಬೆನ್ನು ಕಪ್ಪು, ಹೊಟ್ಟೆ ಬೆಳ್ಳಿ. ಪಕ್ಕೆಯಲ್ಲಿ ನಾಲ್ಕೈದು ಹಲ್ಲಿನ ಗುರುತುಗಳು. "ಇದು ಹಮೂರ್ ಕಚ್ಚಿದ್ದು. ನಾನು ಏಳು ವರ್ಷದವನು. ಅಪ್ಪ ಅವತ್ತು ಕೋಲನ್ನು ನನ್ನ ಕೈಗೆ ಕೊಟ್ಟಿದ್ದರು" ಎಂದ. ಹಲ್ಲಿನ ತೂತುಗಳಲ್ಲಿ ತೇವ ಹೋಗಿ ಮರ ಊದಿಕೊಂಡು, ಬಣ್ಣ ಹೊಟ್ಟೆಯುದ್ದಕ್ಕೂ ಬಿರಿದಿತ್ತು.

ನಾನು ಸಹಾಯ ಮಾಡಲು ಹೋಗಿ ಒಂದು ಕೊಕ್ಕೆಯನ್ನು ಹೆಬ್ಬೆರಳಿಗೆ ಚುಚ್ಚಿಸಿಕೊಂಡೆ. ಗಾಳದ ಹಿಮ್ಮುಖ ಮುಳ್ಳು ಒಳಗಿಳಿದರೆ ಹಿಂದಕ್ಕೆ ಎಳೆಯುವಂತಿಲ್ಲ. ಡಾಕ್ಟರು ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಕೊಕ್ಕೆಯನ್ನು ಇನ್ನಷ್ಟು ಮುಂದಕ್ಕೆ ದೂಡಿ ಚರ್ಮದ ಹೊರಗೆ ತುದಿ ಬರಿಸಿ, ಮುಳ್ಳನ್ನು ಕತ್ತರಿಸಿ ಉಳಿದದ್ದನ್ನು ಹಿಂದಕ್ಕೆ ಎಳೆದರು. ಧನುರ್ವಾಯುವಿನ ಇಂಜೆಕ್ಷನನ್ನೂ ಕೊಟ್ಟರು. (ಧನುರ್ವಾಯು ತುಕ್ಕಿನಿಂದಲೇ ಬರುತ್ತದೆಂದು ಅನೇಕರು ತಿಳಿದಿದ್ದಾರೆ. ಅದು ಬ್ಯಾಕ್ಟೀರಿಯಾದಿಂದ ಬರುವುದು. ಹೊಳೆಯುವ ಹೊಸ ಗಾಳ ಆಳಕ್ಕೆ ಚುಚ್ಚಿದರೂ ಅಪಾಯ ಇದ್ದದ್ದೇ.)

ಆ ರಾತ್ರಿ ನಿದ್ದೆ ಬರಲಿಲ್ಲ. ಹೆಬ್ಬೆರಳಿನ ನೋವು ನೆಪ. ಭಾವ ನನ್ನನ್ನು ಮಾಷ್ಟ್ರೇ ಎಂದು ಕರೆಯುತ್ತಿದ್ದದ್ದು ಬರೀ ತಮಾಷೆಗಲ್ಲ; ಸಾಮಾನಿನ ವಿಜ್ಞಾನ ನನಗೆ ಗೊತ್ತಿದೆ ಎಂಬ ಭರವಸೆಯಿಂದಲೇ ಪೆಟ್ಟಿಗೆಯನ್ನು ನನಗೆ ಕೊಟ್ಟಿದ್ದು. ಬೆಳಿಗ್ಗೆ ಎದ್ದು ಅಳಿಯನಿಗೆ, "ನಾಲ್ಕು ದಿನ ಸಮಯ ಕೊಡು. ಏನು ಉಳಿಯುತ್ತದೋ ನೋಡೋಣ" ಎಂದೆ.

ಜಗಲಿಯಲ್ಲಿ ಕಾಗದ ಹಾಸಿ ಕುಳಿತಿದ್ದಾಗ ನಮ್ಮ ಶಾಲೆಯ ಒಂಬತ್ತನೆಯ ತರಗತಿ ಮುಗಿಸಿದ ಹುಡುಗನೊಬ್ಬ ಗೇಟಿನ ಬಳಿ ನಿಂತ. ಮೀನುಗಾರರ ಮನೆಯ ಹುಡುಗ. ವಿಜ್ಞಾನದಲ್ಲಿ ನಾನು ಅವನಿಗೆ ಕೊಟ್ಟ ಅಂಕ ಮೂವತ್ತೆಂಟು ಎಂದು ಇಲ್ಲಿ ಹೇಳಿಬಿಡುತ್ತೇನೆ. ಒಂದು ಗಾಳ ಎತ್ತಿ ನೋಡಿ, "ಸರ್, ಇದನ್ನ್ ಸಿಹಿನೀರಗೆ ತೊಳಿಲ್ಯಾ?" ಎಂದ. ಅಷ್ಟೇ. ಎಂಟು ವರ್ಷದ ರಹಸ್ಯ ಒಂದು ಪ್ರಶ್ನೆಯಲ್ಲಿ ಬಯಲಾಯಿತು. ಅವರ ಅಜ್ಜ ಸಮುದ್ರದಿಂದ ಬಂದ ಗಾಳವನ್ನು ಬಾವಿಯ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಗಾಳಿಗೆ ತೂಗುಹಾಕಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಮರುದಿನವೇ ಒಳಗಿಡುವುದಂತೆ. ಅದೇ ದಿನ ಮುಚ್ಚಿಟ್ಟರೆ ಬೈಗುಳವಂತೆ.

ಕಾರಣ ಹೇಳುವ ಕೆಲಸ ನನ್ನದು. ಭಾವ ಹಿಂದಿನ ದಿನ ಅಳಿವೆಗೆ ಹೋಗಿದ್ದರಿಂದ ಪ್ರತಿಯೊಂದು ಗಾಳದ ಮೇಲೂ ಉಪ್ಪಿನ ತೆಳುವಾದ ಪೊರೆ ಉಳಿದಿತ್ತು. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75ನ್ನು ದಾಟಿತೆಂದರೆ ಉಪ್ಪು ಗಾಳಿಯಿಂದಲೇ ನೀರನ್ನು ಎಳೆದುಕೊಂಡು ಕರಗತೊಡಗುತ್ತದೆ. ಮಳೆಗಾಲದಲ್ಲಿ ನಮ್ಮ ಅಡಿಗೆಮನೆಯ ಉಪ್ಪಿನ ಡಬ್ಬಿ ನೀರೊಡೆಯುವುದು ಇದಕ್ಕೇ. ಕರಾವಳಿಯ ಜೂನ್ ತಿಂಗಳ ಗಾಳಿ ಈ ಮಿತಿಯನ್ನು ಸದಾ ದಾಟಿಯೇ ಇರುತ್ತದೆ. ನಾನು ಟೇಪು ಸುತ್ತಿ ಹೊರಗಿನ ಗಾಳಿಯನ್ನು ತಡೆದೆನೆಂದುಕೊಂಡೆ; ನಿಜವಾಗಿ ಮಳೆಗಾಲವನ್ನೇ ಒಳಗೆ ಸೆರೆಹಿಡಿದಿದ್ದೆ. ನೀರು, ಗಾಳಿ, ಜೊತೆಗೆ ವಿದ್ಯುತ್ತನ್ನು ಸರಾಗವಾಗಿ ಹರಿಸುವ ಉಪ್ಪು. ತುಕ್ಕಿಗೆ ಇನ್ನೇನು ಬೇಕು?

ಗಾಳಕ್ಕೆ ತವರದ ಅಥವಾ ನಿಕ್ಕಲಿನ ಲೇಪ ಇರುತ್ತದಲ್ಲ ಎಂದು ಕೇಳಬಹುದು. ಇಲ್ಲಿ ಒಂದು ಸ್ವಾರಸ್ಯ ಇದೆ. ನಮ್ಮ ಬಕೆಟಿಗೆ ಹಾಕುವ ಸತುವಿನ ಲೇಪಕ್ಕೆ ಗೀರು ಬಿದ್ದರೂ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ತವರ, ನಿಕ್ಕಲ್ ಹಾಗಲ್ಲ. ಅವು ಕಬ್ಬಿಣಕ್ಕಿಂತ ಕಡಿಮೆ ಕ್ರಿಯಾಶೀಲ. ಲೇಪ ಪೂರ್ತಿ ಇರುವ ತನಕ ರಕ್ಷಣೆ. ಸಣ್ಣ ಗೀರು ಬಿತ್ತೋ, ಆ ಗೀರಿನಲ್ಲಿ ಇಣುಕುವ ಕಬ್ಬಿಣ ಲೇಪವೇ ಇಲ್ಲದಿದ್ದಕ್ಕಿಂತ ಬೇಗ ತಿಂದುಹೋಗುತ್ತದೆ. ಗಾಳಗಳು ಪೆಟ್ಟಿಗೆಯಲ್ಲಿ ಒಂದಕ್ಕೊಂದು ಉಜ್ಜಾಡಿದರೆ ಗೀರು ಬೀಳದಿರುತ್ತದೆಯೇ? ಪ್ರತಿಯೊಂದಕ್ಕೂ ಬೇರೆ ಮನೆ ಬೇಕೆನ್ನುವುದು ಅಂದಕ್ಕಲ್ಲ. ಹಿತ್ತಾಳೆಯ ಚಮಚಕ್ಕೆ ಉಕ್ಕಿನ ಗಾಳ ತಾಗಿ, ನಡುವೆ ಉಪ್ಪುನೀರು ನಿಂತರೆ ಅದೂ ಒಂದು ಪುಟ್ಟ ವಿದ್ಯುತ್ಕೋಶವೇ.

ರಬ್ಬರ್ ಹುಳುಗಳ ಕತೆ ಬೇರೆ. ನಾವು ರಬ್ಬರ್ ಎಂದರೂ ಅವು ಹೆಚ್ಚಾಗಿ ಪಿ.ವಿ.ಸಿ. ಮನೆಯ ನಲ್ಲಿಯ ಕೊಳವೆಯೂ ಪಿ.ವಿ.ಸಿ.ಯೇ; ಅದು ಗಟ್ಟಿ, ಇದು ಮೆತ್ತಗೆ. ವ್ಯತ್ಯಾಸ ಅದರಲ್ಲಿ ಬೆರೆಸಿದ ಎಣ್ಣೆಯಂಥ ಮೃದುಕಾರಕದ್ದು. ಅದು ಪ್ಲಾಸ್ಟಿಕ್ಕಿನೊಂದಿಗೆ ಬಿಗಿಯಾಗಿ ಬೆಸೆದುಕೊಂಡಿರುವುದಿಲ್ಲ. ನಿಧಾನವಾಗಿ ಹೊರಗೆ ಒಸರಿ, ತಾಗಿದ ಬೇರೆ ಪ್ಲಾಸ್ಟಿಕ್ಕಿಗೂ ಬಣ್ಣಕ್ಕೂ ನುಗ್ಗುತ್ತದೆ. ನುಗ್ಗಿದ್ದು ಮೆತ್ತಗಾಗುತ್ತದೆ. ಬಿಸಿಯಿದ್ದರೆ ಇನ್ನೂ ಬೇಗ. ಒಂದು ಮಧ್ಯಾಹ್ನ ಕುತೂಹಲಕ್ಕೆ ಅಟ್ಟದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆ, 43 ಡಿಗ್ರಿ ತೋರಿಸಿತು. ಭಾವ ಅವುಗಳನ್ನು ಬೇರೆ ಪೊಟ್ಟಣದಲ್ಲಿ ಇಟ್ಟಿದ್ದು ಸುಮ್ಮನೆ ಅಲ್ಲ.

ನುಸಿಗುಳಿಗೆಯ ಪಾಲೂ ಇತ್ತು. ನ್ಯಾಫ್ತಲೀನ್ ಘನದಿಂದ ನೇರವಾಗಿ ಅನಿಲವಾಗುತ್ತದೆಂದು ಮಕ್ಕಳು ಉತ್ಪತನದ ಪಾಠದಲ್ಲಿ ಓದುತ್ತಾರೆ. ಆ ಅನಿಲ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ ಎಂಬುದನ್ನು ಪಾಠ ಹೇಳುವುದಿಲ್ಲ. ಗಾಜಿನಂತೆ ಹೊಳೆಯುವ, ಬಗ್ಗಿಸಿದರೆ ಪಟಕ್ಕನೆ ಒಡೆಯುವ ಅಗ್ಗದ ಪೆಟ್ಟಿಗೆಗಳು ಬಹುಪಾಲು ಅದೇ. ವಿಧಿಯ ವ್ಯಂಗ್ಯ ನೋಡಿ, ಗರಿಗಳಿಗೆ ಒಂದು ಹುಳವೂ ಬಿದ್ದಿರಲಿಲ್ಲ. ಎಂಟು ವರ್ಷದ ನಂತರವೂ ಹೊಸ ಗರಿಗಳಂತೆ ಇದ್ದವು. ಆದರೆ ಗರಿ ಕಟ್ಟಿದ ಕೊಕ್ಕೆಗಳೇ ಮುಟ್ಟಿದರೆ ಮುರಿಯುತ್ತಿದ್ದವು.

ದುರಸ್ತಿ ಕೆಲಸ ನಾಲ್ಕು ದಿನದಲ್ಲಿ ಮುಗಿಯಲಿಲ್ಲ, ಹತ್ತು ದಿನ ಹಿಡಿಯಿತು. ತುಕ್ಕು ಹಿಡಿದ ಗಾಳಗಳನ್ನು ಲಿಂಬೆರಸದಲ್ಲಿ ನೆನೆಸಿ ಶುಚಿ ಮಾಡೋಣವೆಂದು ನಾನು ಹೊರಟಾಗ ಹುಡುಗ ತಡೆದ. ಅವನದು ಅನುಭವ, ನನಗೆ ಆಮೇಲೆ ಕಾರಣ ಹೊಳೆಯಿತು: ಮೇಲಿನ ತುಕ್ಕು ಹೋದರೂ ಒಳಗೆ ಸವೆದ ಉಕ್ಕು ಮರಳುವುದಿಲ್ಲ, ಗಟ್ಟಿ ಉಕ್ಕಿಗೆ ಆಮ್ಲ ತಾಗಿದರೆ ಅದು ಪೆಡಸಾಗುವ ಭಯವೂ ಇದೆ. ಗಾಳಕ್ಕೆ ಕೆಲವೇ ರೂಪಾಯಿ, ಬದಲಾಯಿಸಿದರಾಯಿತು. ಮೀನಿನ ಮೈ ಮುಖ್ಯ. ಇಕ್ಕಳದಿಂದ ಉಂಗುರ ಬಿಚ್ಚಿ ಹಳೆಯ ಗಾಳಗಳನ್ನೆಲ್ಲ ತೆಗೆದು, ಒಂದು ತಗಡಿನ ಡಬ್ಬಿಗೆ ಹಾಕಿ, ಮುಚ್ಚಳ ಬೆಸೆದು ಎಸೆದೆವು. ಬಿಡಿಯಾಗಿ ಎಸೆದರೆ ಯಾವ ದನದ ಕಾಲಿಗೋ, ಯಾವ ಮಗುವಿನ ಕಾಲಿಗೋ. ಹಿತ್ತಾಳೆಯ ಚಮಚಗಳನ್ನು ಹೆಂಡತಿ ಹುಣಸೆಹಣ್ಣು ಹಾಕಿ ದೇವರ ದೀಪದ ಹಾಗೆ ಬೆಳಗಿಕೊಟ್ಟಳು. ಬೆಳ್ಳಿ ಬಣ್ಣದ ಲೇಪವಿದ್ದವನ್ನು ಮಾತ್ರ ಉಜ್ಜಬೇಡವೆಂದೆ, ಸಾಬೂನು ನೀರು ಸಾಕು. ಅವುಗಳಲ್ಲೊಂದಕ್ಕೆ ಭಾವ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಅದು ತಾಗಿದಲ್ಲೆಲ್ಲ ಕರೀ ಗೆರೆ. ರಬ್ಬರಿನಲ್ಲಿ ಗಂಧಕ ಇರುತ್ತದೆ, ಬೆಳ್ಳಿಗೂ ಗಂಧಕಕ್ಕೂ ಆಗಿಬರುವುದಿಲ್ಲ. ಅಂದರೆ ಭಾವನೂ ಒಂದು ತಪ್ಪು ಮಾಡಿದ್ದರು! ಯಾಕೋ ಅದರಿಂದ ಸ್ವಲ್ಪ ಸಮಾಧಾನವಾಯಿತು.

ಹಲ್ಲಿನ ಗುರುತಿನ ಮರದ ಮೀನನ್ನು ಕೊನೆಗೆ ಇಟ್ಟುಕೊಂಡಿದ್ದೆ, ಧೈರ್ಯ ಸಾಲದೆ. ಅದು ಫಿನ್‌ಲ್ಯಾಂಡಿನದು. ಈ ಜಾತಿಯ ಮೀನನ್ನು ಮೊದಲು ಮಾಡಿದ ಲೌರಿ ರಾಪಾಲಾ ಎಂಬಾತ ಅಲ್ಲಿನ ಬಡ ಮೀನುಗಾರ. ಮರಿಮೀನುಗಳ ಗುಂಪಿನಲ್ಲಿ ಗಾಯಗೊಂಡು ಓಲಾಡುವ ಒಂದನ್ನೇ ದೊಡ್ಡ ಮೀನು ಆರಿಸಿ ಹಿಡಿಯುವುದನ್ನು ದೋಣಿಯಲ್ಲಿ ಕುಳಿತು ಗಮನಿಸಿದವನು. 1936ರಲ್ಲಿ ಚಪ್ಪಲಿ ಹೊಲಿಯುವವರ ಚಾಕುವಿನಿಂದ ಕಾರ್ಕ್ ತುಂಡನ್ನು ಕೆತ್ತಿ, ಚಾಕೊಲೇಟಿನ ಬೆಳ್ಳಿಹಾಳೆ ಸುತ್ತಿ, ಮೇಲೆ ಬಳಿಯಲು ವಾರ್ನಿಷ್ ಇಲ್ಲದೆ ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಹಚ್ಚಿದನಂತೆ. ಕಾರ್ಕಿನ ಬದಲು ಹಗುರವಾದ ಬಾಲ್ಸಾ ಮರ ಬಂದದ್ದು ನಂತರ. ಚಮಚದ ಕತೆ ಇನ್ನೂ ಹಳೆಯದು. ಅಮೆರಿಕದ ವರ್ಮಾಂಟಿನ ಜೂಲಿಯೋ ಬ್ಯೂಯೆಲ್ ಎಂಬಾತನ ಊಟದ ಚಮಚ ಸರೋವರಕ್ಕೆ ಬಿದ್ದು, ಮುಳುಗುತ್ತಾ ಹೊಳೆದಾಗ ಮೀನೊಂದು ಅದಕ್ಕೆ ಬಾಯಿ ಹಾಕಿತೆಂದು ಪ್ರತೀತಿ. ಅವನು ಪೇಟೆಂಟ್ ಪಡೆದದ್ದು 1852ರಲ್ಲಿ. ನಮ್ಮ ಕಡೆಗೂ ಗಾಳದ ಇತಿಹಾಸ ಇಲ್ಲದಿಲ್ಲ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಎಂಬ ಆಂಗ್ಲರು ಭಾರತದಲ್ಲಿ ಗಾಳ ಹಾಕುವುದರ ಬಗ್ಗೆ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ.

ನೆಗೆಟಿವ್‌ಗಳ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಆ ಕಾಲದ ಫಿಲ್ಮು ಬಹುಮಟ್ಟಿಗೆ ನೈಟ್ರೋಸೆಲ್ಯುಲೋಸಿನಿಂದ ಮಾಡಿದ್ದು. ಈಗ ಅದೇ ವಸ್ತು ನಮ್ಮ ಮನೆಯಲ್ಲಿ ಎಲ್ಲಿ ಸಿಗುತ್ತದೆ? ಮಗಳ ಕನ್ನಡಿಯ ಮುಂದೆ! ಉಗುರಿಗೆ ಹಚ್ಚುವ ಪಾಲಿಶ್ ಎಂದರೆ ದ್ರಾವಕದಲ್ಲಿ ಕರಗಿಸಿದ ನೈಟ್ರೋಸೆಲ್ಯುಲೋಸೇ. ಬಣ್ಣವಿಲ್ಲದ ಸೀಸೆಯೊಂದನ್ನು ಬೇಡಿ ತಂದೆ. ಮರದ ಮೀನನ್ನು ಐದು ದಿನ ನೆರಳಿನಲ್ಲಿ ಒಣಗಿಸಿದೆ. ಬಿಸಿಲಿಗಿಟ್ಟರೆ ಹೊರಗೆ ಬೇಗ ಒಣಗಿ ಒಳಗೆ ಹಸಿಯುಳಿದು ಇನ್ನಷ್ಟು ಬಿರಿಯುತ್ತದೆ. ಊತ ಇಳಿಯಿತು. ಬಿರುಕಿಗೂ ಹಲ್ಲಿನ ತೂತುಗಳಿಗೂ ಕಡ್ಡಿಯ ತುದಿಯಿಂದ ಪಾಲಿಶ್ ಇಳಿಸಿ, ಒಣಗಿದ ಮೇಲೆ ಇನ್ನೊಂದು ಪದರ, ಮತ್ತೊಂದು. ಹಲ್ಲಿನ ಗುರುತು ಮುಚ್ಚಿಹೋಗದಂತೆ ಅಳಿಯ ಪಕ್ಕದಲ್ಲೇ ಕುಳಿತು ಕಾವಲು ಕಾದ. ಗೆದ್ದ ಹುಮ್ಮಸ್ಸಿನಲ್ಲಿ ಒಂದು ಪ್ಲಾಸ್ಟಿಕ್ ಮೀನಿಗೂ ಹಚ್ಚಿದೆ. ಕಣ್ಣೆದುರಿಗೇ ಅದರ ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಆ ದ್ರಾವಕ ಮರಕ್ಕೆ ಸರಿ, ಪ್ಲಾಸ್ಟಿಕ್ಕಿಗೆ ಅಲ್ಲ. ಹುಡುಗ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದ.

ಲೆಕ್ಕ ಹಾಕಿದಾಗ ಮೂವತ್ತೆಂಟರಲ್ಲಿ ಹತ್ತೊಂಬತ್ತು ಉಳಿದಿದ್ದವು. ಹನ್ನೆರಡು ಗಟ್ಟಿ ಮೀನುಗಳಲ್ಲಿ ಎಂಟು (ಆ ಸುಕ್ಕುಗಟ್ಟಿದ್ದೂ ಸೇರಿ), ಹನ್ನೊಂದು ಚಮಚಗಳಲ್ಲಿ ಒಂಬತ್ತು, ಗರಿಯವು ಎರಡು. ರಬ್ಬರಿನದು ಸೊನ್ನೆ. "ಐವತ್ತು ಪರ್ಸೆಂಟ್ ಮಾವ, ಸೆಕೆಂಡ್ ಕ್ಲಾಸ್" ಎಂದ ಅಳಿಯ. ಬಂದಂದಿನಿಂದ ಅವನು ನಕ್ಕದ್ದು ಆಗಲೇ.

ಉಳಿದದ್ದನ್ನು ಹೇಗಿಡುವುದೆಂಬ ಪ್ರಶ್ನೆ ಬಂತು. ಪಾತ್ರೆ ಅಂಗಡಿಗೆ ಹೋಗಿ ಡಬ್ಬಿಗಳ ತಳ ತಿರುಗಿಸಿ ನೋಡಿದೆವು. ಬಾಣಗಳ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 6 ಇದ್ದರೆ ಪಾಲಿಸ್ಟೈರೀನ್, ಬೇಡ. 5 ಎಂದರೆ ಪಾಲಿಪ್ರೊಪಿಲೀನ್, 2 ಎಂದರೆ ಗಟ್ಟಿ ಪಾಲಿಥೀನ್. ಇವು ಮೃದುಕಾರಕಕ್ಕೆ ಸುಲಭವಾಗಿ ಸೋಲುವುದಿಲ್ಲ. ಅಂಗಡಿಯಾತ ನಮ್ಮನ್ನು ಯಾವುದೋ ಇಲಾಖೆಯ ತಪಾಸಣೆಯವರೆಂದು ತಿಳಿದು ಕುರ್ಚಿ ಹಾಕಿಸಿದ. ಚಿಕ್ಕ ಚಿಕ್ಕ ಮನೆಗಳಿದ್ದ 5ನೆಯ ನಂಬರಿನ ಡಬ್ಬಿಯೊಂದು ಸಿಕ್ಕಿತು. ಅತಿ ಸಣ್ಣವಕ್ಕೆ ನಮ್ಮ ಹುಡುಗ ಬೇರೆ ಉಪಾಯ ಹೇಳಿದ. ಪೇಟೆಯ ಫೋಟೋ ಸ್ಟುಡಿಯೋದ ಮೂಲೆಯಲ್ಲಿ ಹಳೆಯ ಫಿಲ್ಮ್ ರೋಲಿನ ಡಬ್ಬಿಗಳು ಚೀಲಗಟ್ಟಲೆ ಬಿದ್ದಿದ್ದವಂತೆ. ಕೇಳಿದ್ದಕ್ಕೆ ಪುಕ್ಕಟೆ ಕೊಟ್ಟರು. ಬೆರಳುದ್ದದ ಮೀನಿಗೆ ಹೇಳಿ ಮಾಡಿಸಿದ ಅಳತೆ. ನೆಗೆಟಿವ್ ಕರಗಿಸಿ ಮೈಗೆ ಹಚ್ಚಿಕೊಂಡು ಹುಟ್ಟಿದ ಜಾತಿ ಕೊನೆಗೆ ಫಿಲ್ಮಿನ ಡಬ್ಬಿಯಲ್ಲೇ ಮನೆ ಮಾಡಿತು.

ಆದರೆ ಬಿಗಿ ಮುಚ್ಚಳದ ಡಬ್ಬಿ ಮತ್ತೆ ಅದೇ ಮೊದಲನೆಯ ಪ್ರನಾಳ ಆಗಬಾರದಲ್ಲ. ಅದಕ್ಕೆ ನಾನು ಮೂರನೆಯ ಪ್ರನಾಳದ ದಾರಿ ಹಿಡಿದೆ. ಕ್ಯಾಲ್ಸಿಯಂ ಕ್ಲೋರೈಡ್ ಬೇಡ, ಅದು ತಾನೇ ನೀರಾಗಿ ಹರಿದು ಲೋಹವನ್ನು ಕೆಡಿಸುತ್ತದೆ. ಶಾಲೆಯ ಸೂಕ್ಷ್ಮದರ್ಶಕದ ಪೆಟ್ಟಿಗೆಗೆಂದು ತಂದ ನೀಲಿ ಸಿಲಿಕಾ ಜೆಲ್‌ನಂಥದ್ದೇ ಒಂದು ಸೀಸೆ ಕೊಂಡೆ. ಒಣಗಿದ್ದಾಗ ನೀಲಿ, ತೇವ ಕುಡಿದು ತುಂಬಿದಾಗ ಗುಲಾಬಿ. ಬಟ್ಟೆಯ ಪುಟ್ಟ ಗಂಟು ಕಟ್ಟಿ ಒಳಗಿಟ್ಟರಾಯಿತು. ಗುಲಾಬಿಯಾದದ್ದನ್ನು ಬಿಸಿಮಾಡಿ ಮತ್ತೆ ಬಳಸಬಹುದು. ಆದರೆ ಆ ನೀಲಿ ಕೋಬಾಲ್ಟಿನದು, ವಿಷ. ಅಡಿಗೆಯ ಬಾಣಲೆಯಲ್ಲಿ ಹುರಿಯಕೂಡದು, ಮಕ್ಕಳ ಕೈಗೂ ಸಿಗಬಾರದು. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಬಿಳಿ ಹರಳಿನ ಪೊಟ್ಟಣವೂ ಅದೇ ಕೆಲಸ ಮಾಡುತ್ತದೆ, ಬಣ್ಣ ಮಾತ್ರ ಹೇಳುವುದಿಲ್ಲ. ಅಟ್ಟದ ಸಹವಾಸ ಬಿಟ್ಟು ಡಬ್ಬಿಯನ್ನು ಪುಸ್ತಕದ ಕಪಾಟಿಗೆ ತಂದು ಬೀಗ ಹಾಕಿದೆ.

ಕೊಕ್ಕೆಯ ತುದಿಗಳಿಗೆ ಮುಸುಕು ಬೇಕಿತ್ತು. ಆಸ್ಪತ್ರೆಯ ಸಲೈನ್ ನಳಿಗೆಯ ತುಂಡು ತೊಡಿಸೋಣ ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆ ನಳಿಗೆ ಮೆತ್ತಗಿರುವುದೂ ಸಾಮಾನ್ಯವಾಗಿ ಮೃದುಕಾರಕದಿಂದಲೇ. ಕೊನೆಗೆ ಹಾಲಿನ ಪೊಟ್ಟಣದ ತೊಳೆದ ಪಾಲಿಥೀನನ್ನು ಪಟ್ಟಿಯಾಗಿ ಕತ್ತರಿಸಿ ಸುತ್ತಿದೆವು. ಚಂದ ಕಾಣುವುದಿಲ್ಲ, ಚುಚ್ಚುವುದೂ ಇಲ್ಲ.

ಆ ಹುಡುಗ ಆಮೇಲೆ ಐ.ಟಿ.ಐ. ಮುಗಿಸಿ ದೋಣಿ ಇಂಜಿನ್ ದುರಸ್ತಿಯ ಕೆಲಸಕ್ಕೆ ಸೇರಿದ. ತುಕ್ಕಿನ ಪಾಠಕ್ಕೆ ಬಂದಾಗ ನಾನು ಈಗ ಮೂರು ಪ್ರನಾಳಗಳ ಪಕ್ಕದಲ್ಲಿ ನಾಲ್ಕನೆಯದೊಂದನ್ನು ಇಡುತ್ತೇನೆ. ಅದರಲ್ಲಿ ನೀರಿಲ್ಲ, ಉಪ್ಪುನೀರಿನಲ್ಲಿ ಅದ್ದಿ ತೆಗೆದ ಮೊಳೆ ಮತ್ತು ಬಿಗಿಯಾದ ಬಿರಡೆ ಮಾತ್ರ. ಪಠ್ಯದಲ್ಲಿ ಇಲ್ಲದ್ದು. ಮಕ್ಕಳು ಪ್ರತಿ ವರ್ಷ ಅದು ತುಕ್ಕು ಹಿಡಿಯುವುದಿಲ್ಲ ಎಂದೇ ಪಣ ಕಟ್ಟುತ್ತಾರೆ, ಬಿರಡೆ ಇದೆಯಲ್ಲ ಎಂದು.

ಅಳಿಯ ಬೆಂಗಳೂರಿನಲ್ಲಿದ್ದಾನೆ, ವರ್ಷಕ್ಕೆ ಒಂದೆರಡು ಸಲ ಬರುತ್ತಾನೆ. ಅಳಿವೆಯಿಂದ ಸಂಜೆ ಮರಳಿದವನು ನೇರ ಬಾವಿಕಟ್ಟೆಗೆ ಹೋಗಿ ಒಂದು ಬಕೆಟ್ ನೀರು ಸೇದಿ ಚಮಚಗಳನ್ನೂ ಮೀನುಗಳನ್ನೂ ಅದರಲ್ಲಿ ಬಿಡುತ್ತಾನೆ. ಆಮೇಲೆ ಬಟ್ಟೆ ಒಣಗಿಸುವ ಹಗ್ಗಕ್ಕೆ ಒಂದೊಂದಾಗಿ ತೂಗುಹಾಕುತ್ತಾನೆ. ಗಾಳಿಗೆ ಅವು ನೀರಿನಲ್ಲಿದ್ದ ಹಾಗೆಯೇ ಓಲಾಡುತ್ತವೆ. "ಒಂದು ಕೆಂಬೇರಿ ತಂದದ್ದಿಲ್ಲ, ಬಕೆಟ್ ಮಾತ್ರ ನಾಲ್ಕು ಸಲ ತೊಳೆಯಬೇಕು" ಎಂದು ಅಕ್ಕ ಗೊಣಗುತ್ತಾಳೆ. ಹಲ್ಲಿನ ಗುರುತಿನ ಮೀನನ್ನು ಅವನು ನೀರಿಗೆ ಹಾಕುವುದಿಲ್ಲ. ಅದು ಫಿಲ್ಮಿನ ಡಬ್ಬಿಯಲ್ಲಿ ನಮ್ಮ ಕಪಾಟಿನಲ್ಲೇ ಇದೆ. ಇಲ್ಲೇ ಇರಲಿ ಎಂದವನು ಅವನೇ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡುತ್ತೇನೆ. ಹೋದ ತಿಂಗಳು ನೋಡಿದಾಗ ಹರಳುಗಳು ಗುಲಾಬಿಗೆ ತಿರುಗಿದ್ದವು. ಬದಲಾಯಿಸಿದೆ.